ಅಪ್ಪನ ಹೆಗಲಿಗೆ ಬಂದ ಖಾತೆ

ಬಾಣಂತನ ವಿಜಯನಗರದ ತವರಿನಲ್ಲಿ, ಕೆಲಸ ವೈಟ್‌ಫೀಲ್ಡಿನಲ್ಲಿ ಎಂದಾದರೆ ಹೊಸ ಅಪ್ಪ ನೇರಳೆ ಮೆಟ್ರೋ ಇಳಿದು ಬರುವ ಸಂಜೆಯ ನೆಂಟ. ಹೊಸ್ತಿಲಲ್ಲೇ ಅತ್ತೆಯ ತಡೆ: "ಮೊದಲು ಕೈಕಾಲು ತೊಳ್ಕೊಂಡು ಬನ್ನಿ ಅಳಿಯಂದ್ರೇ." ಅವರು ಹೇಳುವುದು ಸರಿಯೇ. ಸೋಪು ಹಚ್ಚಿ 20 ಸೆಕೆಂಡು ಉಜ್ಜಿ, ಅಂಗಿ ಬದಲಿಸಿ. ಕೊರಳಿನ ಐಡಿ ಕಾರ್ಡನ್ನೂ ಕಳಚಿಡಿ, ಒಳಗೆ ಅದಕ್ಕೆ ಬೆಲೆಯಿಲ್ಲ.

ಹಾಲಿನ ಖಾತೆ ಅಮ್ಮನದು, ಎಣ್ಣೆ-ನೀರಿನ ಖಾತೆ ಅಜ್ಜಿಯದು. ಅಪ್ಪನಿಗೆ ಉಳಿಯುವುದು ತೇಗು ಮತ್ತು ಲಂಗೋಟಿ. ಮುಖ ಸಣ್ಣದು ಮಾಡಬೇಡಿ. ಕೂಸು ಹಾಲು ಕುಡಿಯುವುದೇ ದಿನಕ್ಕೆ 8ರಿಂದ 12 ಸಲ. ಪ್ರತಿ ಸಲವೂ ನಿಮ್ಮ ಹೆಗಲಿಗೆ ಕೆಲಸವಿದೆ. ನಂಟು ಬೆಳೆಯುವುದು ಅಲ್ಲೇ, ಸೆಲ್ಫಿಯಲ್ಲಲ್ಲ.

ತೇಗು ಬರಿಸಲು ಕೂಸಿನ ಕತ್ತಿಗೆ ಅಂಗೈ ಆಸರೆ, ಗಲ್ಲ ಹೆಗಲ ಮೇಲೆ, ಬೆನ್ನಿಗೆ ಮೆಲ್ಲಗೆ ತಟ್ಟು. ಹೆಗಲಿಗೆ ಬಟ್ಟೆ ಹಾಕಿಕೊಳ್ಳುವಾಗ ಅದನ್ನು ಎದೆಯ ಕಡೆ ಇಳಿಬಿಡುವವರೇ ಹೆಚ್ಚು. ಕೂಸಿನ ಬಾಯಿ ಇರುವುದು ಬೆನ್ನಿನ ಕಡೆ ಸ್ವಾಮಿ! ಅದರ ಜಠರದ ಬಾಯಿ ಇನ್ನೂ ಸರಿಯಾಗಿ ಬಿಗಿಯುವುದಿಲ್ಲ, ತೇಗಿನ ಜೊತೆ ಹಾಲೂ ಬರುತ್ತದೆ. ಬಟ್ಟೆಯನ್ನು ಹಿಂದಕ್ಕೆ ಒಂದು ಮೊಳ ಇಳಿಸಿ.

ಮೊದಲ ಎರಡು ಮೂರು ದಿನದ ಕಕ್ಕ ಕಪ್ಪು-ಹಸಿರು, ನಮ್ಮ ರಸ್ತೆಯ ಡಾಂಬರಿಗಿಂತ ಚೆನ್ನಾಗಿ ಅಂಟುತ್ತದೆ. ಉಜ್ಜಬೇಡಿ, ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಗಂಡುಕೂಸಾದರೆ ಲಂಗೋಟಿ ಬಿಚ್ಚಿದೊಡನೆ ತಣ್ಣನೆ ಗಾಳಿ ಸೋಕಿ ಕಾರಂಜಿ ಏಳಬಹುದು. ಮೇಲೊಂದು ಬಟ್ಟೆ ಮುಚ್ಚಿ, ಬಾಯಿಯನ್ನೂ ಮುಚ್ಚಿಕೊಂಡಿರಿ. ಹೊಕ್ಕುಳಬಳ್ಳಿ ಬೀಳುವವರೆಗೆ, ಅಂದರೆ ಒಂದೆರಡು ವಾರ, ಲಂಗೋಟಿಯ ಅಂಚು ಅದರ ಕೆಳಗೇ ಇರಲಿ. ಪಕ್ಕದ ಮನೆಯವರು ಹೇಳಿದ ಪುಡಿ ಗಿಡಿ ಅಲ್ಲಿಗೆ ಬೇಡ.

ಆಮೇಲೆ ಬನಿಯನ್ ತೆಗೆದು ಒರಗಿ ಕುಳಿತು, ಬರೀ ಲಂಗೋಟಿಯ ಕೂಸನ್ನು ಎದೆಗೆ ಅವುಚಿ, ಬೆನ್ನಿಗೆ ಶಾಲು ಹೊದಿಸಿ. ಮೂಗು-ಬಾಯಿ ಕಾಣುತ್ತಿರಲಿ, ಸೆಂಟು ಬೇಡ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ತೂಕ ಕಡಿಮೆಯ ಕೂಸುಗಳಿಗೆ ಶುರುವಾದ ಕಾಂಗರೂ ಆರೈಕೆ ಇದೇ. ಅಪ್ಪನ ಎದೆಯೂ ಅಷ್ಟೇ ಬೆಚ್ಚಗಿರುತ್ತದೆ. ಕೂಸಿಗೆ ಸ್ಪಷ್ಟವಾಗಿ ಕಾಣುವುದು ಸುಮಾರು ಒಂದು ಗೇಣು ದೂರ, ಮಾತಾಡುವಾಗ ಮುಖ ಅಲ್ಲಿಗೆ ತನ್ನಿ. ಎದೆಗೂದಲು ಹಿಡಿದರೆ ಎಳೆಯಬೇಡಿ. ಅಂಗೈಗೆ ಸಿಕ್ಕಿದ್ದನ್ನು ಬಿಗಿಯುವುದು ಅದರ ಹುಟ್ಟುಗುಣ. ಸೋಫಾದ ಮೇಲೆ ನೀವೂ ಗೊರಕೆ ಹೊಡೆಯುವುದು ಮಾತ್ರ ಅಪಾಯ. ಕಣ್ಣು ಎಳೆದರೆ ಕೂಸನ್ನು ಅಂಗಾತ ಹಾಸಿಗೆಗೆ ಸಾಗಿಸಿ.

ಸ್ವಲ್ಪ ಹೊತ್ತಿಗೆ ಅದು ಬಾಯಿ ತೆರೆದು ಎದೆಯ ಮೇಲೆ ಅತ್ತಿತ್ತ ತಡಕಾಡುತ್ತದೆ. ಮುದ್ದು ಎಂದುಕೊಂಡು ಕರಗಬೇಡಿ, ಅದು ಹಸಿವು. ಅಮ್ಮನನ್ನು ಕೂಗಿ. ಹೆಗಲಿನ ಬಟ್ಟೆಯನ್ನು ಒಗೆಯಲು ಹಾಕಬೇಡಿ, ಇನ್ನು ಅರ್ಧ ಗಂಟೆಗೆ ಬೇಕಾಗುತ್ತದೆ.