ಪರ-ವಿರೋಧ: ಬಳಸದೆ ಹಿಡಿದಿಟ್ಟ ಡೊಮೈನ್ ಹೆಸರನ್ನು ಕಿತ್ತುಕೊಳ್ಳಬೇಕೇ?

ಪರ: ಹೆಸರು ಅದನ್ನು ಬೆಳೆಸಿದವರಿಗೆ ಸೇರಲಿ
(ಲೇಖಕಿ ಚಿಕ್ಕಮಗಳೂರು ಜಿಲ್ಲೆಯ ಕಾಫಿ ಬೆಳೆಗಾರರು, ಹೋಮ್‌ಸ್ಟೇ ನಡೆಸುತ್ತಾರೆ)

ಕಿತ್ತುಕೊಳ್ಳಬೇಕು. ಈ ಪ್ರಶ್ನೆಗೆ ನನ್ನ ಬಳಿ ಎರಡನೆಯ ಉತ್ತರವಿಲ್ಲ. ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನ ಶುಲ್ಕ ಕಟ್ಟಿ ಒಂದು ಡೊಮೈನ್ ಹೆಸರನ್ನು, ಅಂದರೆ ವೆಬ್‌ಸೈಟಿನ ವಿಳಾಸವನ್ನು ಹಿಡಿದಿಡುವುದು, ಆ ವಿಳಾಸದಲ್ಲಿ ಒಂದು ಸಾಲನ್ನೂ ಬರೆಯದಿರುವುದು, ಆ ಹೆಸರಿನಿಂದ ಅನ್ನ ಉಣ್ಣುವವರು ಬಂದು ಕೈ ಮುಗಿಯಲಿ ಎಂದು ಕಾಯುವುದು, ಇದನ್ನು ವ್ಯಾಪಾರ ಎಂದು ನಾನು ಒಪ್ಪುವುದಿಲ್ಲ.

ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗಳಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಬೇರೆಲ್ಲೋ ಬೆಳೆದ ಕಾಫಿಯ ಪೊಟ್ಟಣದ ಮೇಲೆ ಈ ಹೆಸರು ಹಾಕಿದರೆ ಕಾನೂನು ಕೇಳುತ್ತದೆ. ಅದೇ ಹೆಸರಿಗೆ ಡಾಟ್ ಕಾಮ್ ಸೇರಿಸಿ ಯಾರೋ ನೋಂದಾಯಿಸಿಕೊಂಡರೆ ಕೇಳುವವರಿಲ್ಲ. ಡಾಟ್ ಕಾಮ್ ವಿವಾದಗಳಿಗೆ, ಜಗತ್ತಿನ ಡೊಮೈನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕಾನ್ ಸಂಸ್ಥೆ 1999ರಲ್ಲಿ ರೂಪಿಸಿದ ನೀತಿಯಲ್ಲಿ ದೂರು ಕೊಡಲು ಟ್ರೇಡ್‌ಮಾರ್ಕ್ ಬೇಕು. ಭೌಗೋಳಿಕ ಸೂಚಕವೊಂದೇ ಸಾಲುವುದಿಲ್ಲ. ಸರ್ಕಾರ ತನ್ನ ಬೇಲಿಯನ್ನು ಚೆನ್ನಾಗಿಯೇ ಹಾಕಿಕೊಂಡಿದೆ. ಗವ್ ಡಾಟ್ ಇನ್, ನಿಕ್ ಡಾಟ್ ಇನ್ ವಿಳಾಸಗಳನ್ನು ಹೊರಗಿನವರು ಮುಟ್ಟಲಾಗದು. ಬೆಳೆಗಾರರಿಗೆ ಆ ರಕ್ಷಣೆ ಏಕಿಲ್ಲ? ಸಾಲದ್ದಕ್ಕೆ, 2014ರ ನವೆಂಬರ್ 1ರಿಂದ ನಮ್ಮ ಊರಿನ ಇಂಗ್ಲಿಷ್ ಕಾಗುಣಿತ ಬದಲಾಗಿದೆ. ಜನ ಹಳೆಯದನ್ನೂ ಟೈಪ್ ಮಾಡುತ್ತಾರೆ, ಹೊಸದನ್ನೂ ಮಾಡುತ್ತಾರೆ. ಒಂದೊಂದಕ್ಕೂ ಕಾಫಿ, ಹೋಮ್‌ಸ್ಟೇ, ಟ್ರೆಕ್ ಎಂದು ಸೇರಿಸುತ್ತಾ ಹೋದರೆ ಕಾದಿಟ್ಟುಕೊಳ್ಳುವವನಿಗೆ ಸುಗ್ಗಿ.

ನಮಗೇ ಆದದ್ದನ್ನು ಹೇಳುತ್ತೇನೆ. ನಮ್ಮ ತೋಟಕ್ಕೆ ಹೆಸರಿಟ್ಟವರು ನನ್ನ ಮಾವನವರ ತಂದೆ. ಗೇಟಿನ ಕಲ್ಲಿನ ಮೇಲೆ ಅದೇ ಹೆಸರು, ಕ್ಯೂರಿಂಗ್ ವರ್ಕ್ಸ್‌ಗೆ ಹೋಗುವ ಮೂಟೆಗಳ ಮೇಲೂ ಅದೇ. ಹೋಮ್‌ಸ್ಟೇ ಆರಂಭಿಸಿದಾಗ ವೆಬ್‌ಸೈಟ್ ಕೆಲಸವನ್ನು ಒಬ್ಬರಿಗೆ ಒಪ್ಪಿಸಿದೆವು. ಅವರು ಡೊಮೈನನ್ನು ತಮ್ಮದೇ ಖಾತೆಯಲ್ಲಿ, ತಮ್ಮದೇ ಇಮೇಲ್ ಮತ್ತು ಮೊಬೈಲ್ ಸಂಖ್ಯೆ ಕೊಟ್ಟು ನೋಂದಾಯಿಸಿದರು. ನಮಗೆ ತಿಳಿಸಲಿಲ್ಲ. ಕೊಟ್ಟ ರಸೀದಿಯಲ್ಲಿ ‘ಡೊಮೈನ್ ಮತ್ತು ಹೋಸ್ಟಿಂಗ್’ ಎಂದಷ್ಟೇ ಇತ್ತು, ಕೆಳಗೆ ನಾವು ತೆತ್ತ ಮೊತ್ತ. ಮುಂದೆ ಅವರು ಆ ಉದ್ಯೋಗ ಬಿಟ್ಟು ಬೇರೆ ಊರು ಸೇರಿಕೊಂಡರು. ನವೀಕರಣದ ಸೂಚನೆಗಳೆಲ್ಲ ಅವರ ಇಮೇಲಿಗೆ ಹೋಗುತ್ತಿದ್ದವು.

ದೀಪಾವಳಿ ರಜೆಗೆ ಮುಂಗಡ ಕೊಟ್ಟಿದ್ದ ಬೆಂಗಳೂರಿನ ಕುಟುಂಬದವರು ಒಂದು ಸಂಜೆ ಫೋನ್ ಮಾಡಿ, “ಮೇಡಂ, ಹೋಮ್‌ಸ್ಟೇ ಮುಚ್ಚಿಬಿಟ್ಟಿರಾ? ನಮ್ಮ ಹಣ?” ಎಂದು ಕೇಳಿದರು. ತೆರೆದು ನೋಡಿದರೆ, ನಮ್ಮ ಜಗುಲಿಯ ಚಿತ್ರವಿದ್ದ ಜಾಗದಲ್ಲಿ ಬಿಳಿ ಪುಟ. ‘ಈ ಡೊಮೈನ್ ಮಾರಾಟಕ್ಕಿದೆ’ ಎಂಬ ಒಂದು ಸಾಲು, ಡಾಲರಿನಲ್ಲಿ ಬೆಲೆ, ಕೆಳಗೆ ನಮ್ಮದೇ ಜಿಲ್ಲೆಯ ಬೇರೆ ರೆಸಾರ್ಟುಗಳ ಜಾಹೀರಾತು. ನಮ್ಮ ಹೆಸರು ಹುಡುಕಿಕೊಂಡು ಬಂದ ಅತಿಥಿಯನ್ನು ನಮ್ಮ ಹೆಸರೇ ಪಕ್ಕದವರ ಮನೆಗೆ ಕಳಿಸುತ್ತಿತ್ತು. ನನ್ನ ಅತ್ತೆಯವರಿಗೆ ಇದನ್ನು ವಿವರಿಸುವುದು ಬಹಳ ಕಷ್ಟವಾಯಿತು. “ಕಲ್ಲಿನ ಮೇಲೆ ಕೆತ್ತಿಸಿದ ಹೆಸರನ್ನು ಕಂಡರಿಯದವನು ಮಾರುವುದು ಹೇಗೆ?” ಎಂದು ಅವರು ಮತ್ತೆ ಮತ್ತೆ ಕೇಳುತ್ತಿದ್ದರು. ಆ ಪ್ರಶ್ನೆಗೆ ಕಾನೂನು ಬಲ್ಲವರಿಂದಲೂ ನನಗೆ ಸಮಾಧಾನದ ಉತ್ತರ ಸಿಕ್ಕಿಲ್ಲ.

ಡಾಟ್ ಕಾಮ್ ಹೆಸರು ಅವಧಿ ಮುಗಿದ ಮರುಕ್ಷಣವೇ ಕೈ ತಪ್ಪುವುದಿಲ್ಲ. ಮೊದಲು 45 ದಿನಗಳವರೆಗೆ ನವೀಕರಣದ ಅವಕಾಶವಿರಬಹುದು. ಅದು ದಾಟಿ ಹೆಸರು ರದ್ದತಿಗೆ ಬಿದ್ದರೆ ಹೆಚ್ಚಿನ ಶುಲ್ಕ ತೆತ್ತು ಬಿಡಿಸಿಕೊಳ್ಳಲು 30 ದಿನ, ಆಮೇಲೆ 5 ದಿನ ಕಾದು ಹೆಸರನ್ನು ಬಯಲಿಗೆ ಬಿಡುತ್ತಾರೆ. ಅಷ್ಟೂ ದಿನ ಎಚ್ಚರಿಕೆ ಹೋಗುವುದು ಖಾತೆಯಲ್ಲಿ ಇಮೇಲ್ ಇರುವವರಿಗೆ ಮಾತ್ರ. ಬಯಲಿಗೆ ಬಿದ್ದ ಕ್ಷಣದಲ್ಲೇ ಹಿಡಿಯಲು ತಂತ್ರಾಂಶಗಳು ಕಾದಿರುತ್ತವೆ. ತೋಟದಲ್ಲಿ ಹಣ್ಣು ಬಿಡಿಸುವ ಆಳುಗಳ ಲೆಕ್ಕ ಬರೆಯುತ್ತಾ ಕುಳಿತ ನಾನು ಆ ಯಂತ್ರದೊಡನೆ ಓಡಬೇಕೇ?

ದೂರು ಕೊಡಿ ಎನ್ನುತ್ತಾರೆ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಲ್ಲಿ ಒಬ್ಬ ತೀರ್ಪುಗಾರರ ಮುಂದೆ ಒಂದು ದೂರಿಗೆ ಶುಲ್ಕವೇ 1500 ಡಾಲರ್, ವಕೀಲರದು ಬೇರೆ. ಗೆದ್ದರೆ ಹೆಸರಿನ ವರ್ಗಾವಣೆ ಅಥವಾ ರದ್ದತಿ, ಅಷ್ಟೇ. ಆದ ನಷ್ಟಕ್ಕೆ ಬಿಡಿಗಾಸಿಲ್ಲ. ಕಾಂಡಕೊರಕ ಹತ್ತಿ ಅರೇಬಿಕಾ ಗಿಡಗಳನ್ನು ಬುಡಸಹಿತ ಕಿತ್ತು ಸುಟ್ಟ ವರ್ಷದಲ್ಲಿ ಯಾವ ಸಣ್ಣ ಬೆಳೆಗಾರ ಡಾಲರ್ ಎಣಿಸಿಕೊಂಡು ಕೂರುತ್ತಾನೆ?

ಹೊಲದ ಪಹಣಿಯಲ್ಲಿ ಮಾಲೀಕರ ಹೆಸರಿನ ಜೊತೆಗೆ ಯಾರು ಸಾಗುವಳಿ ಮಾಡುತ್ತಿದ್ದಾರೆ, ಏನು ಬೆಳೆದಿದ್ದಾರೆ ಎಂಬುದೂ ಇರುತ್ತದೆ. ಡೊಮೈನ್ ದಾಖಲೆಯಲ್ಲಿ ಅಂಥ ಕಾಲಮ್ಮೇ ಇಲ್ಲ. ಯುರೋಪಿನ ದತ್ತಾಂಶ ಕಾನೂನು ಬಂದ 2018ರಿಂದ ಮಾಲೀಕನ ಹೆಸರೂ ಸಾರ್ವಜನಿಕರಿಗೆ ಬಹುಮಟ್ಟಿಗೆ ಕಾಣುವುದಿಲ್ಲ. ಹಿಡಿದವನು ಯಾರೆಂದು ತಿಳಿಯದು, ಏಕೆ ಹಿಡಿದಿದ್ದಾನೆಂದು ಕೇಳುವಂತಿಲ್ಲ, ಬೆಲೆ ಮಾತ್ರ ದಪ್ಪಕ್ಷರದಲ್ಲಿ ಕಾಣುತ್ತದೆ.

ಎರಡು ವರ್ಷ ಮಾರಾಟದ ಫಲಕ ಬಿಟ್ಟು ಬೇರೇನೂ ಇಲ್ಲದ ಹೆಸರನ್ನು ನವೀಕರಿಸಬಾರದು. ಅದೇ ಹೆಸರಿನಲ್ಲಿ ಊರಿನಲ್ಲಿ ದುಡಿಯುತ್ತಿರುವವರು ಮಾಮೂಲಿ ಶುಲ್ಕ ಕಟ್ಟಿ ಪಡೆಯುವಂತಿರಬೇಕು. ವೆಬ್‌ಸೈಟ್ ಮಾಡಿಕೊಡುವವರು ಗಿರಾಕಿಯ ಹೆಸರಿನಲ್ಲೇ ನೋಂದಾಯಿಸಬೇಕೆಂಬ ಕಟ್ಟುಪಾಡು ಬರಬೇಕು. ‘ಮೊದಲು ಬಂದವರಿಗೆ ಮೊದಲು’ ಎಂದು ವಾದಿಸುವವರು ಯಾರು ಮೊದಲು ಬಂದರೆಂದು ನೋಡಲಿ. ನಮ್ಮ ಹಿರಿಯರು ಇಲ್ಲಿ ಕಾಫಿ ನೆಟ್ಟಾಗ ಡಾಟ್ ಕಾಮ್ ಎಂಬುದೇ ಇರಲಿಲ್ಲ. ‘ಬಳಕೆ’ ಎಂದರೇನು ಎಂದು ಕೆದಕುವವರು ನಮ್ಮ ಗೇಟಿನವರೆಗೆ ಬಂದು ನೋಡಲಿ, ಯಾರು ಬಳಸುತ್ತಿದ್ದಾರೆಂದು ತಿಳಿಯುತ್ತದೆ.

ವಿರೋಧ: ಕಿತ್ತುಕೊಳ್ಳುವ ಕೈ ಯಾರದು?
(ಲೇಖಕರು ಹಾಸನದಲ್ಲಿ ವಕೀಲರು)

ಈ ಪಕ್ಷವನ್ನು ಬರೆದುಕೊಡಿ ಎಂದು ಕೇಳಿದರು, ಒಪ್ಪಿದೆ. ಹೆಸರು ಹಿಡಿದು ಬೆಲೆ ಏರಿಸುವವರ ಬಗ್ಗೆ ನನಗೂ ಗೌರವವಿಲ್ಲ. ಆದರೆ ಬಳಸದಿರುವುದೇ ಅಪರಾಧ ಎಂಬ ನಿಯಮವನ್ನು ಒಪ್ಪಲಾರೆ.

ನಮ್ಮ ಊರಿನದೇ ಉದಾಹರಣೆ ನೋಡಿ. ಹಾಸನವನ್ನು ಇಂಗ್ಲಿಷಿನಲ್ಲಿ ಬರೆದರೆ ಅದು ಜಗತ್ತಿನ ಲಕ್ಷಾಂತರ ಜನರ ಹೆಸರೂ ಆಗುತ್ತದೆ. ಮೊರಾಕ್ಕೊದ ದೊರೆ ಎರಡನೆಯ ಹಸನ್ 1961ರಿಂದ 1999ರವರೆಗೆ ಆಳಿದರು. ಕಾಸಾಬ್ಲಾಂಕಾದ ದೊಡ್ಡ ಮಸೀದಿಗೆ ಅವರದೇ ಹೆಸರು. ಆ ಡೊಮೈನ್ ನಮ್ಮ ಊರಿನದು ಎಂದು ಯಾವ ಬಾಯಿಯಲ್ಲಿ ಕೇಳೋಣ? ‘ಹೊಯ್ಸಳ’ ಎಂಬುದನ್ನು ತೆಗೆದುಕೊಳ್ಳಿ. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಬೆಂಗಳೂರಿನ ಪೊಲೀಸ್ ಗಸ್ತು ವಾಹನಕ್ಕೂ ಅದೇ ಹೆಸರು, ಹೋಟೆಲುಗಳಿಗೂ ಅದೇ ಹೆಸರು. ಹೊಸಹಳ್ಳಿ ಎಂಬ ಊರುಗಳು ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಎಷ್ಟಿಲ್ಲ? ನಿಜವಾದ ಹಕ್ಕುದಾರರನ್ನು ಗುರುತಿಸಲು ತಾಲ್ಲೂಕು ಕಚೇರಿಯಲ್ಲಿ ಇನ್ನೊಂದು ಅರ್ಜಿ, ಇನ್ನೊಂದು ಸಾಲು, ಇನ್ನೊಬ್ಬ ಮಧ್ಯವರ್ತಿ. ಪರ ವಾದಿಸುವವರಿಗೆ ಬೇಕಾಗಿರುವುದು ಇದೇ ಎಂದು ಕಾಣುತ್ತದೆ.

ಹೆಸರನ್ನು ಬರೀ ಇಮೇಲಿಗಾಗಿ ಇಟ್ಟುಕೊಂಡವರಿದ್ದಾರೆ. ಅಂಥವರ ಪುಟ ಖಾಲಿಯೇ ಇರುತ್ತದೆ. ಮುಂದೆ ಮಗಳು ಅಂಗಡಿ ತೆರೆಯಲಿ ಎಂದು ಇಟ್ಟುಕೊಂಡವರೂ ಇದ್ದಾರೆ.

ದುರುದ್ದೇಶದಿಂದ ಹಿಡಿದವರಿಗೆ ಕಾನೂನು ಈಗಲೇ ಇದೆ. ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲೇ ಡೊಮೈನ್ ಹೆಸರಿಗೂ ಟ್ರೇಡ್‌ಮಾರ್ಕಿನಂಥ ರಕ್ಷಣೆ ಉಂಟೆಂದು ಹೇಳಿತು. ಸುಮ್ಮನೆ ಹಿಡಿದಿಡುವುದೂ ಕೆಲವು ಸಂದರ್ಭಗಳಲ್ಲಿ ದುರುದ್ದೇಶವಾಗಬಹುದೆಂದು, ಆಸ್ಟ್ರೇಲಿಯಾದ ದೂರವಾಣಿ ಕಂಪನಿ ಟೆಲ್‌ಸ್ಟ್ರಾ ಕೊಟ್ಟ ದೂರಿನಲ್ಲಿ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ತೀರ್ಪುಗಾರರು 2000ದಲ್ಲಿ ಹೇಳಿದ್ದಾರೆ. ಭಾರತದ ಡಾಟ್ ಇನ್ ವಿಳಾಸಗಳ ವಿವಾದ ನೀತಿಯಂತೂ ಇನ್ನೂ ಉದಾರ: ನೋಂದಣಿ ಅಥವಾ ಬಳಕೆ, ಎರಡರಲ್ಲಿ ಒಂದರಲ್ಲಿ ದುರುದ್ದೇಶ ತೋರಿಸಿದರೆ ಸಾಕು, ಟ್ರೇಡ್‌ಮಾರ್ಕ್ ಅಲ್ಲದೆ ‘ಹೆಸರಿ’ನ ಹಕ್ಕನ್ನೂ ಅದು ಪರಿಗಣಿಸುತ್ತದೆ. ವೆಬ್‌ಸೈಟ್ ಮಾಡಿಕೊಟ್ಟವರು ತಮ್ಮ ಖಾತೆಯಲ್ಲಿ ನೋಂದಾಯಿಸಿದ ದೂರುಗಳನ್ನು ನಾನೂ ಕೇಳಿದ್ದೇನೆ. ಅದು ಇಬ್ಬರ ನಡುವಿನ ಒಪ್ಪಂದದ ವಿಷಯ, ಇಲ್ಲಿನ ಪ್ರಶ್ನೆಗೆ ಸೇರಿದ್ದಲ್ಲ.

ಊರಿನವರಿಗೇ ಹೆಸರು ಎಂಬ ವಾದವನ್ನು ಬಾರ್ಸಿಲೋನಾ ನಗರಸಭೆ ಮಾಡಿತ್ತು. 2000ದಲ್ಲಿ ತೀರ್ಪುಗಾರರು ಬಾರ್ಸಿಲೋನಾ ಡಾಟ್ ಕಾಮನ್ನು ನಗರಸಭೆಗೆ ಕೊಟ್ಟರು. 2003ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ, ಊರಿನ ಹೆಸರಿನ ಮೇಲೆ ಅಂಥ ಏಕಸ್ವಾಮ್ಯ ಸಲ್ಲದೆಂದು ನೋಂದಾಯಿಸಿದ್ದವರ ಪರ ನಿಂತಿತು. ಊಜಿ ನಿಸ್ಸಾನ್ ಎಂಬವರು ತಮ್ಮ ಮನೆತನದ ಹೆಸರಿನ ಡಾಟ್ ಕಾಮನ್ನು 1994ರಲ್ಲಿ ಕಂಪ್ಯೂಟರ್ ವ್ಯಾಪಾರಕ್ಕಾಗಿ ಪಡೆದಿದ್ದರು. 1999ರಲ್ಲಿ ಕಾರು ಕಂಪನಿ ಮೊಕದ್ದಮೆ ಹೂಡಿತು. ವರ್ಷಗಟ್ಟಲೆ ಹೋರಾಡಿ ಅವರು ಹೆಸರನ್ನು ಉಳಿಸಿಕೊಂಡರು. ಆ ಹೆಸರನ್ನು ಜಗತ್ತಿನಲ್ಲಿ ಹೆಚ್ಚು ಬೆಳೆಸಿದವರು ಯಾರು ಎಂದಷ್ಟೇ ನ್ಯಾಯಾಲಯ ಕೇಳಿದ್ದರೆ ಉತ್ತರ ಕಾರು ಕಂಪನಿಯೇ ಆಗುತ್ತಿತ್ತು. ನಾಳೆ ನಮ್ಮಲ್ಲಿ ಆ ನಿಯಮ ಬಂದರೆ, ಹೋಮ್‌ಸ್ಟೇ ಹೆಸರನ್ನೇ ಹೋಲುವ ದೊಡ್ಡ ರೆಸಾರ್ಟ್ ಸರಪಳಿಯೊಂದು ಜಾಹೀರಾತುಗಳ ಕಟ್ಟು ಹಿಡಿದು, ಬಳಕೆ ನಮ್ಮದೇ ಹೆಚ್ಚು ಎಂದು ಅರ್ಜಿ ಹಾಕುತ್ತದೆ. ಆಗ ಗೇಟಿನ ಕಲ್ಲಿನ ಮೇಲೆ ಬರೆದ ಹೆಸರನ್ನು ತೋರಿಸಿದರೆ ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?