ಸಂಶೋಧನೆಯ ಪ್ರಶ್ನೆ ಸಮಸ್ಯೆಯಿಂದಲೇ ಹುಟ್ಟಬೇಕೆ?

ವಿಶ್ವವಿದ್ಯಾಲಯದ ಸಂಶೋಧನೆಗೆ ಅನುದಾನ ಕೊಡುವಾಗ ‘ಇದರಿಂದ ಯಾವ ಸಮಸ್ಯೆ ಬಗೆಹರಿಯುತ್ತದೆ?’ ಎಂದು ಮೊದಲೇ ಕೇಳಬೇಕೆ? ವಿಜ್ಞಾನ, ಕೃಷಿ, ಶಿಕ್ಷಣ ಮೂರನ್ನೂ ಮುಂದಿಟ್ಟುಕೊಂಡು ಎರಡು ವಾದಗಳು ಇಲ್ಲಿವೆ.

ಪರ: ಉತ್ತರ ಬಳಸುವವರೇ ಪ್ರಶ್ನೆ ಕೇಳಲಿ

ಪ್ರಬಂಧ ಅಚ್ಚಾದರೆ ಸಂಶೋಧನೆ ಮುಗಿಯಿತು ಎಂಬ ಭಾವನೆ ಬಹಳ ನಷ್ಟ ಮಾಡಿದೆ. ಎಷ್ಟು ಹಾಕಬೇಕು, ಯಾವಾಗ ಹಾಕಬೇಕು, ಯಾರ ಕೈಯಲ್ಲಿ ಆಗಬೇಕು, ತಪ್ಪಿದರೆ ಏನಾಗುತ್ತದೆ? ಇವೂ ಸಂಶೋಧನೆಯ ಪ್ರಶ್ನೆಗಳೇ. ಯಾರೂ ಕೇಳದಿದ್ದರೆ ಇವುಗಳ ಉತ್ತರ ತಾನಾಗಿ ಬರುವುದಿಲ್ಲ.

ಭೇದಿಯಾದವರಿಗೆ ನೀರಿನಲ್ಲಿ ಕಲಸಿ ಕುಡಿಸುವ ಓಆರ್‌ಎಸ್ ಪುಡಿಯನ್ನೇ ತೆಗೆದುಕೊಳ್ಳಿ. ಕರುಳಿನ ಗೋಡೆಯಲ್ಲಿ ಗ್ಲುಕೋಸ್ ಮತ್ತು ಸೋಡಿಯಂ ಜೊತೆಜೊತೆಯಾಗಿ ಒಳಹೋಗುತ್ತವೆ, ಅವುಗಳ ಬೆನ್ನಿಗೇ ನೀರೂ ಹೋಗುತ್ತದೆ. ಈ ತತ್ವ 1960ರ ದಶಕದ ಆರಂಭಕ್ಕೇ ಗೊತ್ತಿತ್ತು. ಆದರೆ ಒಂದು ಲೀಟರ್ ನೀರಿಗೆ ಯಾವುದು ಎಷ್ಟು ಗ್ರಾಂ ಎಂದು ತೀರ್ಮಾನಿಸಿದವರು ಕಾಲರಾ ರೋಗಿಗಳ ಮಂಚದ ಪಕ್ಕ ನಿಂತು, ಒಳಹೋದ ನೀರನ್ನೂ ಹೊರಬಿದ್ದ ನೀರನ್ನೂ ಅಳೆದವರು. 1968ರಲ್ಲಿ ಢಾಕಾದಲ್ಲಿ ಈ ದ್ರಾವಣ ಡ್ರಿಪ್‌ನ ಬಳಕೆಯನ್ನು ಬಹಳಷ್ಟು ತಗ್ಗಿಸಿತು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ನಡುವೆ ಡ್ರಿಪ್ ಬಾಟಲಿ ಸಾಲದೆ ಬಂದಾಗ, ವೈದ್ಯ ದಿಲೀಪ್ ಮಹಲನಬಿಸ್ ಇದನ್ನೇ ಡ್ರಮ್ಮುಗಳಲ್ಲಿ ತುಂಬಿಸಿ, ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ಬಿಟ್ಟರು. ಸಾವಿನ ಪ್ರಮಾಣ ಸುಮಾರು ಶೇ 30ರಿಂದ ಶೇ 4ಕ್ಕಿಂತ ಕೆಳಗಿಳಿಯಿತು.

ಕೆಲಸ ಅಲ್ಲಿಗೂ ಮುಗಿಯಲಿಲ್ಲ. ಹಳೆಯ ಸೂತ್ರದಲ್ಲಿ ಲೀಟರಿಗೆ 3.5 ಗ್ರಾಂ ಉಪ್ಪು, 20 ಗ್ರಾಂ ಗ್ಲುಕೋಸ್ ಇತ್ತು. ಕಾಲರಾ ಅಲ್ಲದ ಭೇದಿಯಿಂದ ಬಳಲುವ ಮಕ್ಕಳಿಗೆ ಅದು ಬೇಕಾದ್ದಕ್ಕಿಂತ ಸಾಂದ್ರವಾಗಿತ್ತು. ಹಲವು ಪ್ರಯೋಗಗಳ ಬಳಿಕ 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂತ್ರ ಬದಲಿಸಿತು: ಉಪ್ಪು 2.6 ಗ್ರಾಂ, ಗ್ಲುಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಟ್ರೈಸೋಡಿಯಂ ಸಿಟ್ರೇಟ್ 2.9. ಸಕ್ಕರೆ ಅತಿಯಾದರೆ ನೀರು ಮೈಗೆ ಸೇರುವ ಬದಲು ಮೈಯಿಂದ ಕರುಳಿಗೆ ಇಳಿದು ಭೇದಿ ಹೆಚ್ಚುತ್ತದೆ. ಒಂದು ಲೀಟರಿನ ಪೊಟ್ಟಣವನ್ನು ಅರ್ಧ ಲೀಟರಿಗೆ ಕಲಸಿದರೆ ರಕ್ತದಲ್ಲಿ ಸೋಡಿಯಂ ಏರಿ ಮಗುವಿನ ಪ್ರಾಣಕ್ಕೇ ಕುತ್ತು ಬರಬಹುದು. ತತ್ವ ಎಷ್ಟೇ ಸರಿಯಿದ್ದರೂ ಮಗು ಉಳಿಯುವುದು ಈ ಗ್ರಾಂ ಲೆಕ್ಕ ಸರಿಯಾದಾಗ ಮಾತ್ರ.

ಕೃಷಿಯಲ್ಲಿ ಪ್ರಶ್ನೆಯನ್ನು ಯಾರು ಕೇಳುತ್ತಾರೆ ಎಂಬುದು ಇನ್ನೂ ಮುಖ್ಯ. ಎಫ್‌ಆರ್13ಎ ಎಂಬ ಭತ್ತ ಸುಮಾರು ಎರಡು ವಾರ ಪೂರ್ತಿ ಮುಳುಗಿದರೂ ಬದುಕುತ್ತದೆ. ಅದನ್ನು ಸಂಕರಿಸಿ ಹೊರತಂದ ಮೊದಮೊದಲ ತಳಿಗಳು ನೆರೆಯನ್ನೇನೋ ತಡೆದವು. ಅಕ್ಕಿಯ ಗುಣ ಹಿಡಿಸದ ರೈತರು ಅವನ್ನು ಒಪ್ಪಲಿಲ್ಲ. ಕೊನೆಗೆ ದಾರಿ ತೆರೆದದ್ದು ಪ್ರಶ್ನೆ ಬದಲಾದಾಗ: ರೈತರು ಈಗಾಗಲೇ ಬೆಳೆಯುತ್ತಿರುವ ಸ್ವರ್ಣ ತಳಿಯೊಳಗೆ, ಮುಳುಗಡೆ ತಾಳುವ ಗುಣ ಕೊಡುವ ಸಬ್1 ಎಂಬ ಡಿಎನ್‌ಎ ತುಣುಕನ್ನಷ್ಟೇ ಕೂರಿಸಲು ಬರುತ್ತದೆಯೇ? ಪ್ರತಿ ತಲೆಮಾರಿನಲ್ಲೂ ಡಿಎನ್‌ಎ ಗುರುತು ನೋಡಿ ಸಸಿ ಆರಿಸಿ, ಮತ್ತೆ ಸ್ವರ್ಣದ ಜೊತೆಗೇ ಸಂಕರಿಸಿದರು. 2009ರಲ್ಲಿ ಭಾರತದಲ್ಲಿ ಬಿಡುಗಡೆಯಾದ ಸ್ವರ್ಣ-ಸಬ್1 ಹುಟ್ಟಿದ್ದು ಹೀಗೆ.

ಬೀಜ ನೆನೆಸಿ ಬಿತ್ತುವ ವಿಧಾನಕ್ಕೆ ಯಂತ್ರವೂ ಬೇಡ, ಔಷಧವೂ ಬೇಡ. ಭತ್ತ, ಮೆಕ್ಕೆಜೋಳವನ್ನು 12ರಿಂದ 18 ಗಂಟೆ, ಕಡಲೆಯನ್ನು ಸುಮಾರು 8 ಗಂಟೆ ನೀರಿನಲ್ಲಿ ನೆನೆಸಿ, ಬಸಿದು, ಮೇಲ್ಮೈಯ ತೇವ ಆರುವಷ್ಟು ಹೊತ್ತು ನೆರಳಿನಲ್ಲಿ ಹರಡಿ, ಅದೇ ದಿನ ಬಿತ್ತಬೇಕು. ಸಂಶೋಧನೆಯ ಸತ್ವ ಇರುವುದು ಆ ಗಂಟೆಗಳ ಮಿತಿಯಲ್ಲಿ. ಮಿತಿಯೊಳಗೆ ತೆಗೆದ ಬೀಜ ಮಣ್ಣಿನ ತೇವ ಸಿಗುವವರೆಗೆ ಕಾಯುತ್ತದೆ. ಮಿತಿ ದಾಟಿದರೆ ನೀರಿನಲ್ಲೇ ಬೇರು ಒಡೆಯುತ್ತದೆ, ಆಮೇಲೆ ಒಣಗಿಸಿದರೆ ಮೊಳಕೆ ಸಾಯುತ್ತದೆ. ಒದ್ದೆ ಬೀಜವನ್ನು ಚೀಲದಲ್ಲೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಇಂಥ ಪ್ರಶ್ನೆಗೆ ದೊಡ್ಡ ಪ್ರಶಸ್ತಿ ಸಿಗುವುದಿಲ್ಲ, ಆದರೆ ಹೊಲದಲ್ಲಿ ಪೈರಿನ ಸಾಂದ್ರತೆಯನ್ನು ನಿರ್ಧರಿಸುವುದು ಇದೇ.

ಬಳಕೆಯ ನೆಲ ಮರೆತರೆ ಅಂಕಿಗಳೂ ದಾರಿ ತಪ್ಪಿಸುತ್ತವೆ. 10 ಚದರ ಮೀಟರ್ ತಾಕಿನಲ್ಲಿ 5 ಕಿಲೋ ಭತ್ತ ಸಿಕ್ಕಿತು ಅನ್ನಿ. ಕೊಯ್ದಾಗ ತೇವಾಂಶ ಶೇ 20 ಇದ್ದರೆ, ರೂಢಿಯ ಶೇ 14ಕ್ಕೆ ಇಳಿಸಿದ ಮೇಲೆ ಉಳಿಯುವುದು 4.65 ಕಿಲೋ. ಆ 350 ಗ್ರಾಂ ಹೆಕ್ಟೇರಿನ ಲೆಕ್ಕಕ್ಕೆ ಏರಿದಾಗ 350 ಕಿಲೋ ಆಗುತ್ತದೆ. ಬಿಸಿಲು, ಗಾಳಿ ಹೆಚ್ಚು ಸಿಗುವ ಅಂಚಿನ ಸಾಲುಗಳನ್ನೂ ಸೇರಿಸಿ ತೂಗಿದರೆ ಇಳುವರಿ ಇನ್ನಷ್ಟು ಉಬ್ಬುತ್ತದೆ. ಹೊಸ ಗೊಬ್ಬರದ ಲಾಭ ಎಂದು ಹೇಳುವ ವ್ಯತ್ಯಾಸ ಎಷ್ಟೋ ಸಲ ಇಷ್ಟರೊಳಗೇ ಅಡಗಿರುತ್ತದೆ.

ಶಾಲೆಯಲ್ಲೂ ಇದೇ ಕಥೆ. ಅಮೆರಿಕದ ಟೆನೆಸಿಯಲ್ಲಿ 1985ರಲ್ಲಿ ಆರಂಭವಾದ ಪ್ರಯೋಗದಲ್ಲಿ 13ರಿಂದ 17 ಮಕ್ಕಳ ತರಗತಿಗಳು 22ರಿಂದ 25 ಮಕ್ಕಳ ತರಗತಿಗಳಿಗಿಂತ ಚೆನ್ನಾಗಿ ಕಲಿತವು. ಅದನ್ನು ನೋಡಿ ಕ್ಯಾಲಿಫೋರ್ನಿಯಾ 1996ರಲ್ಲಿ ಕೆಳ ತರಗತಿಗಳನ್ನು 20 ಮಕ್ಕಳಿಗೆ ಇಳಿಸಹೊರಟಿತು. ಏಕಾಏಕಿ ಸಾವಿರಾರು ಶಿಕ್ಷಕರು ಬೇಕಾದರು, ಪೂರ್ಣ ಅರ್ಹತೆ ಇಲ್ಲದವರನ್ನೂ ನೇಮಿಸಿಕೊಳ್ಳಬೇಕಾಯಿತು. ಇಡೀ ರಾಜ್ಯಕ್ಕೆ ಹಬ್ಬಿಸಿದಾಗ ಶಿಕ್ಷಕರು ಎಲ್ಲಿಂದ ಬರುತ್ತಾರೆ ಎಂಬುದು ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆ.

ವಿರೋಧ: ಉಪಯೋಗ ಮೊದಲೇ ಕಾಣಬೇಕೆಂಬ ಷರತ್ತು ಬೇಡ

ಗ್ರಾಂ, ಗಂಟೆ, ತೇವಾಂಶಗಳ ಮಾತು ಸಂಪೂರ್ಣ ನಿಜ, ಅದಕ್ಕೆ ಹಣವೂ ಬೇಕು, ಗೌರವವೂ ಬೇಕು. ತಕರಾರಿರುವುದು ‘ಮೊದಲೇ’ ಎಂಬ ಪದದ ಬಗ್ಗೆ. 1960ರಲ್ಲಿ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ ಸೋಡಿಯಂ ಮತ್ತು ಗ್ಲುಕೋಸ್‌ಗಳ ಜೋಡಿ ಸಾಗಣೆಯನ್ನು ಮಂಡಿಸಿದಾಗ ಅವರು ಹುಡುಕುತ್ತಿದ್ದುದು ಭೇದಿಗೆ ಮದ್ದನ್ನಲ್ಲ, ಕರುಳಿನ ಜೀವಕೋಶ ಸಕ್ಕರೆಯನ್ನು ಒಳಗೆಳೆದುಕೊಳ್ಳುವ ಬಗೆಯನ್ನು. ಅರ್ಜಿಯಲ್ಲಿ ‘ಫಲಾನುಭವಿಗಳು ಯಾರು’ ಎಂಬ ಅಂಕಣವಿದ್ದರೆ ಅವರು ಅಲ್ಲಿ ಏನು ಬರೆಯಬೇಕಿತ್ತು?

ಸ್ವರ್ಣ-ಸಬ್1 ವಿಚಾರಕ್ಕೇ ಬರೋಣ. ಪ್ರತಿ ತಲೆಮಾರಿನಲ್ಲಿ ಡಿಎನ್‌ಎ ಗುರುತು ನೋಡಿದ್ದು, ಡಿಎನ್‌ಎ ತುಣುಕನ್ನು ಮತ್ತೆ ಮತ್ತೆ ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ವಿಧಾನದಿಂದ. ಅದರಲ್ಲಿ ಮೊದಲು ಸುಮಾರು 95 ಡಿಗ್ರಿಗೆ ಕಾಯಿಸಿ ಡಿಎನ್‌ಎಯ ಎರಡು ಎಳೆ ಬಿಡಿಸಬೇಕು, 55ರ ಆಸುಪಾಸಿಗೆ ತಣಿಸಿ ಪ್ರೈಮರ್ (ನಕಲು ಎಲ್ಲಿಂದ ಶುರುವಾಗಬೇಕೆಂದು ಗೊತ್ತುಮಾಡುವ ಚಿಕ್ಕ ಡಿಎನ್‌ಎ ಎಳೆ) ಕೂರಿಸಬೇಕು, 72ರಲ್ಲಿ ಕಿಣ್ವ ಹೊಸ ಎಳೆ ಕಟ್ಟಬೇಕು. ಈ ಸುತ್ತು ಮೂವತ್ತರಷ್ಟು ಬಾರಿ ನಡೆಯುತ್ತದೆ. ಮೊದಲು ಬಳಸುತ್ತಿದ್ದ ಇ. ಕೋಲಿ ಬ್ಯಾಕ್ಟೀರಿಯಾದ ಕಿಣ್ವ 95 ಡಿಗ್ರಿಯಲ್ಲಿ ಕೆಟ್ಟುಹೋಗುತ್ತಿತ್ತು, ಪ್ರತಿ ಸುತ್ತಿಗೂ ನಳಿಕೆ ತೆರೆದು ಹೊಸದಾಗಿ ಹಾಕಬೇಕಿತ್ತು. ಈ ತೊಡಕು ಬಿಡಿಸಿದ್ದು ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯಾದ ಕಿಣ್ವ. ಸೂಕ್ಷ್ಮಜೀವಿ ವಿಜ್ಞಾನಿ ಥಾಮಸ್ ಬ್ರಾಕ್ ಮತ್ತು ಅವರ ವಿದ್ಯಾರ್ಥಿ 1966ರಲ್ಲಿ ಅಮೆರಿಕದ ಯೆಲ್ಲೋಸ್ಟೋನ್‌ನ ಬಿಸಿನೀರಿನ ಬುಗ್ಗೆಯಿಂದ ಅದನ್ನು ತಂದಾಗ ಅವರಿಗಿದ್ದ ಕುತೂಹಲ, ಜೀವ ಎಷ್ಟು ಶಾಖದವರೆಗೆ ಉಳಿಯಬಲ್ಲದು ಎಂಬುದು. ಪಿಸಿಆರ್ ಎಂಬ ಯೋಚನೆ ಹುಟ್ಟಿದ್ದೇ 1983ರಲ್ಲಿ. ಭತ್ತದ ನೆರೆ ಸಮಸ್ಯೆಯನ್ನು ಹಿಡಿದು ಹೊರಟ ಯಾವ ಸಮಿತಿಯೂ 1966ರಲ್ಲಿ ಬಿಸಿನೀರಿನ ಬುಗ್ಗೆಗೆ ಹಣ ಮಂಜೂರು ಮಾಡುತ್ತಿರಲಿಲ್ಲ.

ಶಿಕ್ಷಣದಲ್ಲಿ ಇಂದು ಪಾಠವನ್ನು ದಿನಗಳ ಅಂತರ ಬಿಟ್ಟು ಮರುಕಳಿಸಿ, ಓದಿದ್ದನ್ನೇ ಮತ್ತೆ ಓದಿಸುವ ಬದಲು ನೆನಪಿನಿಂದ ಹೇಳಿಸಿ ಎನ್ನುತ್ತೇವೆ. ಇದರ ಬೇರು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಕೆಲಸದಲ್ಲಿದೆ. ಅವರು ಬಾಯಿಪಾಠ ಮಾಡಿದ್ದು ಅರ್ಥವೇ ಇಲ್ಲದ ಅಕ್ಷರಗುಚ್ಛಗಳನ್ನು, ಅದೂ ತಮ್ಮ ಮೇಲೆಯೇ ಪ್ರಯೋಗಿಸಿಕೊಂಡು. 2006ರಲ್ಲಿ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ ತೋರಿಸಿದ ಫಲಿತಾಂಶವೂ ಗಮನಿಸಬೇಕಾದದ್ದು. ಐದು ನಿಮಿಷದ ನಂತರ ಪರೀಕ್ಷಿಸಿದರೆ ಮತ್ತೆ ಓದಿದವರೇ ಮುಂದು, ವಾರದ ನಂತರ ನೋಡಿದರೆ ನೆನಪಿನಿಂದ ಬರೆದವರು ಮುಂದು. ತಕ್ಷಣದ ಫಲಿತಾಂಶವನ್ನಷ್ಟೇ ಅಳೆದಿದ್ದರೆ ತೀರ್ಮಾನ ತಲೆಕೆಳಗಾಗುತ್ತಿತ್ತು.

ಸಮಸ್ಯೆ ಪರಿಹರಿಸಿ ಎಂಬ ಅನುದಾನ ಹೆಚ್ಚಾಗಿ ಗಡುವಿನ ಜೊತೆಗೇ ಬರುತ್ತದೆ, ಗಡುವಿನ ಒತ್ತಡಕ್ಕೆ ಪ್ರಯೋಗ ಸಣ್ಣದಾಗುತ್ತದೆ. ಹೊಸ ಬೋಧನಾ ವಿಧಾನವನ್ನು 20 ತರಗತಿಗಳಲ್ಲಿ, ತಲಾ 40ರಂತೆ 800 ಮಕ್ಕಳ ಮೇಲೆ ಪರೀಕ್ಷಿಸಿದರು ಅನ್ನೋಣ. ಕೇಳಲು ದೊಡ್ಡ ಸಂಖ್ಯೆ. ಆದರೆ ಒಂದೇ ತರಗತಿಯ ಮಕ್ಕಳಿಗೆ ಶಿಕ್ಷಕರು ಒಬ್ಬರೇ, ವಾತಾವರಣವೂ ಒಂದೇ, ಆದ್ದರಿಂದ ಅಂಕಗಳೂ ಪರಸ್ಪರ ಹೋಲುತ್ತವೆ. ಆ ಹೋಲಿಕೆಯ ಗುಣಾಂಕ (0 ಎಂದರೆ ಹೋಲಿಕೆಯೇ ಇಲ್ಲ, 1 ಎಂದರೆ ಎಲ್ಲರದ್ದೂ ಒಂದೇ) 0.2 ಇದ್ದರೆ, ಒಂದು ಮಗುವಿನ ಜೊತೆ ತರಗತಿಯ ಉಳಿದ 39 ಮಕ್ಕಳನ್ನು ಲೆಕ್ಕಕ್ಕೆ ಹಿಡಿದು 1 + 39 × 0.2 = 8.8. 800ನ್ನು 8.8ರಿಂದ ಭಾಗಿಸಿದರೆ ಮಾಹಿತಿಯ ತೂಕ ಸುಮಾರು 91 ಮಕ್ಕಳದ್ದಷ್ಟೇ. ತರಗತಿಗೆ 60 ಮಕ್ಕಳನ್ನು ತುಂಬಿಸಿ 1,200 ಮಾಡಿದರೂ ಅದು ಏರುವುದು 94ಕ್ಕೆ ಮಾತ್ರ. ಹೆಚ್ಚಿಸಬೇಕಾದದ್ದು ತರಗತಿಗಳನ್ನು, ಅದಕ್ಕೆ ಸಮಯ ಬೇಕು. ಮೂರು ವರ್ಷದೊಳಗೆ ‘ಪರಿಣಾಮ’ ತೋರಿಸಬೇಕಾದವರು ಈ ಲೆಕ್ಕವನ್ನು ಬಿಟ್ಟುಬಿಡುತ್ತಾರೆ. ಆಮೇಲೆ ಕೆಲಸಕ್ಕೆ ಬಾರದ ವಿಧಾನವೊಂದು ಸಾವಿರಾರು ಶಾಲೆಗಳಿಗೆ ಹರಡುತ್ತದೆ.

ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬ್ರಾಡ್‌ಬಾಕ್ ಎಂಬ ಗೋಧಿ ಹೊಲದ ಪ್ರಯೋಗ 1843ರಿಂದ ನಡೆಯುತ್ತಿದೆ. ಶುರುವಾದದ್ದು ಗೊಬ್ಬರದ ಪ್ರಾಯೋಗಿಕ ಪ್ರಶ್ನೆಯಿಂದಲೇ, ಒಪ್ಪೋಣ. ಆದರೆ ಆ ಉತ್ತರ ಸಿಕ್ಕ ಮೇಲೂ ಅದನ್ನು ನಿಲ್ಲಿಸಲಿಲ್ಲ, ಕಾಳು, ಹುಲ್ಲು, ಮಣ್ಣಿನ ಮಾದರಿಗಳನ್ನು ಜೋಪಾನವಾಗಿ ಕೂಡಿಡುತ್ತಾ ಬಂದರು. 2005ರಲ್ಲಿ ಆ ಹಳೆಯ ಮಾದರಿಗಳಲ್ಲಿದ್ದ ಎರಡು ರೋಗಕಾರಕ ಶಿಲೀಂಧ್ರಗಳ ಡಿಎನ್‌ಎ ಅಳೆದಾಗ, ಯಾವುದರ ಕೈ ಮೇಲಾಗುತ್ತದೆ ಎಂಬುದು ಗಾಳಿಗೆ ಸೇರಿದ ಗಂಧಕದ ಡೈಆಕ್ಸೈಡಿನ ಏರಿಳಿತಕ್ಕೆ ಹೊಂದಿಕೊಂಡಿತ್ತು. ಮಾದರಿ ಕೂಡಿಡಲು ಆರಂಭಿಸಿದವರಿಗೆ ಡಿಎನ್‌ಎ ಎಂಬುದೇ ಗೊತ್ತಿರಲಿಲ್ಲ.

ಹಾಗಾಗಿ ಅನುದಾನದ ಅರ್ಜಿಯಲ್ಲಿ ಕೇಳಬೇಕಾದವು ಬೇರೆ. ಎಷ್ಟು ತಾಕು, ಎಷ್ಟು ತರಗತಿ, ಆ ಸಂಖ್ಯೆಗೆ ಆಧಾರವೇನು? ಯಾವ ಫಲಿತಾಂಶ ಬಂದರೆ ನಿಮ್ಮ ಊಹೆ ತಪ್ಪೆಂದು ಒಪ್ಪುತ್ತೀರಿ? ಮಾದರಿಗಳನ್ನೂ ಮೂಲ ಅಂಕಿಗಳನ್ನೂ ಯೋಜನೆ ಮುಗಿದ ಮೇಲೆ ಎಲ್ಲಿಡುತ್ತೀರಿ, ಬೇರೆಯವರು ಅವನ್ನು ಹೇಗೆ ಪಡೆಯಬಹುದು?