ಗೋವಾ ಅಂದ್ರೆ ಹುಷಾರು ಅಂತೆ

ದಸರಾ ಮುಗಿದ ವಾರ ರಾಣೆಬೆನ್ನೂರಿನಿಂದ ಅಣ್ಣ ಫೋನ್ ಮಾಡಿದ. ದೊಡ್ಡಪ್ಪನ ಮಗ. "ತಮ್ಮಾ, ನಮ್ಮ ಹುಡುಗ ನಾಕ ಮಂದಿ ಗೆಳ್ಯಾರ ಜೋಡಿ ಗೋವಾಕ್ಕ ಬರಾಕತ್ತಾನ. ಬ್ಯಾಡಂದ್ರ ಕೇಳವಲ್ಲ. ಅಲ್ಲಿ ಡ್ರಗ್ಸು, ಗೂಂಡಾಗೋಳು, ಪೊಲೀಸರ ಕಾಟ ಅಂತಾರ. ಸ್ವಲ್ಪ ಕಣ್ಣಿಡು." ಆಯ್ತು ಅಂದೆ. ಹೆಲ್ಮೆಟ್ ಹಾಕ್ಕೊಳ್ಳಾಕ ಹೇಳು ಅಂತಲೂ ಅಂದೆ. ಅಣ್ಣ ನಕ್ಕ. ನಾನು ಮಾತು ತೇಲಿಸುತ್ತಿದ್ದೇನೆ ಅಂದುಕೊಂಡನೋ ಏನೋ.

ಕಲಂಗುಟ್ ರಸ್ತೆಯ ಒಂದು ಔಷಧಿ ಅಂಗಡಿಯಲ್ಲಿ ನಾನು ಹದಿನೆಂಟು ವರ್ಷದಿಂದ ಇದ್ದೇನೆ. ಪ್ರವಾಸಕ್ಕೆ ಬಂದವರಿಗೆ ಇಲ್ಲಿ ಏನೇನು ಆಗುತ್ತದೆ ಅನ್ನುವುದು ಪೊಲೀಸ್ ಠಾಣೆಗಿಂತ ನಮ್ಮ ಕೌಂಟರಿನಲ್ಲಿ ಚೆನ್ನಾಗಿ ಕಾಣುತ್ತದೆ. ಸಂಜೆಯಾದ ಮೇಲೆ ಒಬ್ಬೊಬ್ಬರೇ ಕುಂಟುತ್ತಾ ಬರುತ್ತಾರೆ. ಬಲಗಾಲಿನ ಮೀನಖಂಡದ ಮೇಲೆ ಕೆಂಪಗೆ ಸುಟ್ಟ ಗಾಯ ಇದ್ದರೆ ಕೇಳುವುದೇ ಬೇಡ, ಬಾಡಿಗೆ ಸ್ಕೂಟಿಯ ಸೈಲೆನ್ಸರ್. ಚಡ್ಡಿ ಹಾಕಿಕೊಂಡು ಹಿಂದೆ ಕೂತವರು ಇಳಿಯುವಾಗ ತಾಗಿಸಿಕೊಂಡಿರುತ್ತಾರೆ. ಮೊಣಕಾಲು, ಮೊಣಕೈ ಎರಡೂ ತರಚಿದ್ದರೆ ತಿರುವಿನ ಮರಳಿನಲ್ಲಿ ಗಾಡಿ ಜಾರಿದ್ದು. ಅಂಗಾಲು ಸೀಳಿದ್ದರೆ ಬೀಚಿನಲ್ಲಿ ಬಿದ್ದ ಬಿಯರ್ ಬಾಟಲಿ ಚೂರು. ಬಯಲಲ್ಲಿ ಕುಡಿಯಬಾರದು, ಬಾಟಲಿ ಒಡೆಯಬಾರದು ಅಂತ 2019ರಲ್ಲೇ ಇಲ್ಲಿ ಕಾನೂನು ಬಂದಿದೆ, ಆಗ ಒಬ್ಬನಿಗೆ 2,000 ರೂಪಾಯಿ ದಂಡ ಇತ್ತು. ನಮ್ಮ ಹತ್ತಿ, ಬ್ಯಾಂಡೇಜಿನ ವ್ಯಾಪಾರ ಮಾತ್ರ ಕಡಿಮೆಯಾಗಿಲ್ಲ. ಇನ್ನು ಬಿಸಿಲಿಗೆ ಬೆನ್ನು ಸುಲಿದವರು, ಜೆಲ್ಲಿ ಫಿಶ್ ಕುಟುಕಿದವರು, ಹೊಟ್ಟೆ ಕೆಟ್ಟು ಓಆರ್‌ಎಸ್ ಕೇಳುವವರು ದಿನಾ ಇದ್ದೇ ಇದ್ದಾರೆ. ಚಾಕು ತಾಗಿದ ಗಾಯ ಹಿಡಿದುಕೊಂಡು ಬಂದವನನ್ನು ಇಷ್ಟು ವರ್ಷದಲ್ಲಿ ಒಂದೇ ಸಲ ನೋಡಿದ್ದೇನೆ. ಅವನಿಗೆ ಚಾಕು ಹಾಕಿದ್ದು ಅವನ ಜೊತೆಗೇ ಬಂದಿದ್ದ ಗೆಳೆಯ.

ಹಾಗಂತ ಗೋವಾ ಸಾಚಾ ಅಂತ ಹೇಳಲು ನಾನು ಹೊರಟಿಲ್ಲ. ಡ್ರಗ್ಸ್ ಇದೆ. ಹೆಂಗಸರಿಗೆ ಕಾಟ ಕೊಡುವವರಿದ್ದಾರೆ. ಬಾಗಾ, ಕಲಂಗುಟ್ ಕಡೆ ರಸ್ತೆಯಲ್ಲೇ ಗಂಡಸರನ್ನು ಪುಸಲಾಯಿಸಿ ಕ್ಲಬ್ಬಿನೊಳಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ಫೋನಿನಿಂದ ದುಡ್ಡು ಕಳಿಸುವವರೆಗೂ ಬಿಡದ ದಂಧೆ ಇದೆ. ಈ ದಂಧೆ ನಡೆಯುವುದು ಚಾಕುವಿನ ಮೇಲಲ್ಲ, ಮರ್ಯಾದೆಯ ಮೇಲೆ. ದುಡ್ಡು ಕಳೆದುಕೊಂಡವನು ಬೆಳಗಾಗುತ್ತಲೇ ಬಸ್ಸು ಹತ್ತುತ್ತಾನೆ. ಮನೆಯಲ್ಲಿ ಏನಂತ ಹೇಳುವುದು? ಠಾಣೆಗೆ ಹೋದರೆ ಮತ್ತೆ ಕೋರ್ಟಿಗೆ ಬರಬೇಕಲ್ಲ ಅನ್ನುವ ಹೆದರಿಕೆ ಬೇರೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಅಪರಾಧ ಎಲ್ಲೇ ಆಗಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಊರಿಗೆ ಹೋಗಿಯೂ ಕೊಡಬಹುದು. ಆದರೆ ಊರಿನ ಠಾಣೆಯಲ್ಲಿ ಗುರುತಿನ ಕಾನ್‌ಸ್ಟೇಬಲ್ ಇರುತ್ತಾನಲ್ಲ, ಅದೇ ಕಷ್ಟ.

ಮತ್ತೊಂದು ಮೋಸಕ್ಕೆ ಗೋವಾವೇ ಬೇಕಾಗಿಲ್ಲ. ಫೋನಿನಲ್ಲಿ ಈಜುಕೊಳದ ವಿಲ್ಲಾ ತೋರಿಸಿ ಮುಂಗಡ ಹಾಕಿಸಿಕೊಳ್ಳುತ್ತಾರೆ. ಬಂದು ನೋಡಿದರೆ ಆ ವಿಳಾಸದಲ್ಲಿ ತೆಂಗಿನ ತೋಟ. ಕದ್ದವನು ಗೋವಾ ಕಂಡಿದ್ದಾನೋ ಇಲ್ಲವೋ, ಕೆಟ್ಟ ಹೆಸರು ಗೋವಾಕ್ಕೆ. ಸೂಟ್‌ಕೇಸ್ ಸಮೇತ ಅಂಗಡಿ ಮುಂದೆ ಕೂತ ಕುಟುಂಬಗಳಿಗೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅಂತ ಹೇಳಿ ಹೇಳಿ ನನಗೆ ಆ ನಂಬರ್ ಬಾಯಿಪಾಠವಾಗಿದೆ.

ಹಾಗಾದರೆ ಲೆಕ್ಕ ಏನು ಹೇಳುತ್ತದೆ? ಲೆಕ್ಕ ಸ್ವಲ್ಪ ತಮಾಷೆಯದು. ಸರ್ಕಾರದ ಅಪರಾಧ ವರದಿಯಲ್ಲಿ ಒಂದು ಲಕ್ಷ ಜನಕ್ಕೆ ಇಷ್ಟು ಅಂತ ಹಾಕುತ್ತಾರೆ. ಆ ಜನ ಅಂದರೆ ಊರಲ್ಲಿ ನೆಲೆಸಿದವರು. 2011ರ ಜನಗಣತಿಯಲ್ಲಿ ಗೋವಾದ ಜನ 14.58 ಲಕ್ಷ. 2024ರಲ್ಲಿ ಬಂದುಹೋದ ಪ್ರವಾಸಿಗಳು ಸುಮಾರು 1 ಕೋಟಿ. ಈ ಕೋಟಿ ಜನ ಮಾಡಿದ ಜಗಳ, ಕಳೆದುಕೊಂಡ ಪರ್ಸು ಅಪರಾಧದ ಲೆಕ್ಕಕ್ಕೆ ಸೇರುತ್ತದೆ, ಅವರು ಮಾತ್ರ ಜನರ ಲೆಕ್ಕಕ್ಕೆ ಸೇರುವುದಿಲ್ಲ. ಪ್ರವಾಸಿಗಳ ಊರು ಇರುವುದಕ್ಕಿಂತ ಕೆಟ್ಟದಾಗಿ ಕಾಗದದ ಮೇಲೆ ಕಾಣುವುದಕ್ಕೆ ಇಷ್ಟು ಸಾಕು. ದೂರು ಕೊಡದೆ ಬಸ್ಸು ಹತ್ತಿದವರ ಲೆಕ್ಕ ಇನ್ನೊಂದು ಕಡೆ ಎಳೆಯುತ್ತದೆ. ಮತ್ತೆ, ಪೊಲೀಸರು ಬಂದದ್ದನ್ನೆಲ್ಲ ಬರೆದುಕೊಳ್ಳುವ ರಾಜ್ಯದಲ್ಲಿ ಸಂಖ್ಯೆ ಏರುತ್ತದೆ. ಕೇರಳದ ಸಂಖ್ಯೆ ಯಾವಾಗಲೂ ಜಾಸ್ತಿ, ಆದರೂ ಆಲೆಪ್ಪಿಯ ದೋಣಿಮನೆಗೆ ಹೊರಟವರಿಗೆ ಯಾರೂ ಹುಷಾರು ಅನ್ನುವುದಿಲ್ಲ. 2022ರ ವರದಿಯಲ್ಲಿ ದೊಡ್ಡ ನಗರಗಳ ಪೈಕಿ ಎಲ್ಲಕ್ಕಿಂತ ಕಡಿಮೆ ಇದ್ದದ್ದು ಕೋಲ್ಕತ್ತಾ, ಲಕ್ಷಕ್ಕೆ 86.5. ಎರಡನೆಯದು ಪುಣೆ, 280.7. ನಮ್ಮ ಕಡೆ ಯಾರನ್ನಾದರೂ ಕೇಳಿ ನೋಡಿ, ಕೋಲ್ಕತ್ತಾ ಅಂದರೆ ಏನು ಹೇಳುತ್ತಾರೆ ಅಂತ.

ಅನುಮಾನವಿಲ್ಲದ ಲೆಕ್ಕ ಒಂದೇ, ಹೆಣದ್ದು. ಗೋವಾದ ರಸ್ತೆಗಳಲ್ಲಿ ಈಚಿನ ವರ್ಷಗಳಲ್ಲಿ ವರ್ಷಕ್ಕೆ 250ರಿಂದ 300 ಜನ ಸಾಯುತ್ತಿದ್ದಾರೆ. ನಮ್ಮ ಹಾವೇರಿ ಜಿಲ್ಲೆಯಷ್ಟೂ ಜನ ಇಲ್ಲದ ರಾಜ್ಯದಲ್ಲಿ. ಕೊಲೆಗಳು ಇದರ ಹತ್ತಿರಕ್ಕೂ ಬರುವುದಿಲ್ಲ.

ನೀರಿನದೂ ಇದೇ ಕಥೆ. ಆದರೆ ಅದನ್ನು ನಮ್ಮ ಊರಿನ ಜೊತೆ ಇಟ್ಟು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಗೋವಾಕ್ಕೆ ಕೆಟ್ಟ ಹೆಸರು, ಅದಕ್ಕೇ ಅಪ್ಪ ಅಮ್ಮ ನೂರು ಸಲ ಹೇಳಿ ಕಳಿಸುತ್ತಾರೆ. ಮುರ್ಡೇಶ್ವರ ದೇವರ ಊರು, ಅಲ್ಲಿಗೆ ಶಾಲೆಯ ಮಕ್ಕಳನ್ನು ನಿಶ್ಚಿಂತೆಯಿಂದ ಕಳಿಸುತ್ತಾರೆ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದ ನಾಲ್ಕು ಹುಡುಗಿಯರು ಆ ಕಡಲಲ್ಲಿ ಮುಳುಗಿಹೋದರು. ಅಲ್ಲಿಯ ಅಲೆಗೂ ಬಾಗಾದ ಅಲೆಗೂ ಏನು ವ್ಯತ್ಯಾಸ? ಒಂದೇ ಅರಬ್ಬೀ ಸಮುದ್ರ. ಗೋವಾದಲ್ಲಿ ಜನ ಮುಳುಗಿ ಸಾಯುವುದು ಜಾಸ್ತಿಯಾಗಿ 2008ರಿಂದ ಬೀಚುಗಳಲ್ಲಿ ಲೈಫ್‌ಗಾರ್ಡ್‌ಗಳನ್ನು ನಿಲ್ಲಿಸಿದ್ದಾರೆ. ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗಿಳಿ, ಬರೀ ಕೆಂಪು ಇದ್ದರೆ ಇಳಿಯಬೇಡ. ಮೀರಿದರೆ ಸೀಟಿ ಊದಿ ಬೈಯುತ್ತಾರೆ. ಪೂರ್ತಿ ನಿಂತಿಲ್ಲ, ಕುಡಿದು ಕತ್ತಲಲ್ಲಿ ಇಳಿಯುವವರನ್ನು ಯಾರು ತಡೆಯುತ್ತಾರೆ? ಆದರೆ ಕೆಟ್ಟ ಹೆಸರಿನಿಂದ ಗೋವಾಕ್ಕೆ ಒಂದು ಲಾಭವಂತೂ ಆಗಿದೆ.

ಹಂಪಿಯೂ ಹಾಗೆಯೇ. ಕಲ್ಲಿನ ಊರು, ಶಾಂತವಾದ ಊರು, ಅಲ್ಲಿ ಏನಾಗುತ್ತೆ ಅನ್ನುತ್ತಿದ್ದೆವು. 2025ರ ಮಾರ್ಚಿನಲ್ಲಿ ಹಂಪಿ ಹತ್ತಿರದ ಸಾಣಾಪುರದ ಕಾಲುವೆ ದಂಡೆಯಲ್ಲಿ ರಾತ್ರಿ ನಕ್ಷತ್ರ ನೋಡುತ್ತಾ ಕೂತವರ ಮೇಲೆ ನಡೆದ ಅತ್ಯಾಚಾರ, ಕೊಲೆಯ ಸುದ್ದಿ ಓದಿದ ದಿನ ನಮ್ಮ ಅಂಗಡಿಯ ಗೋವಾದ ಹುಡುಗ ಕೇಳಿದ: "ಏ ಭಾಯ್, ಇದು ನಿಮ್ಮ ಕಡೆ ಅಲ್ವಾ?" ಏನು ಹೇಳಲಿ.

ಅವನು ಹಾಗೆ ಕೇಳಿದ್ದಕ್ಕೂ ಕಾರಣ ಇದೆ. ಗೋವಾದವರ ಪ್ರಕಾರ ಇಲ್ಲಿಯ ಅಪಾಯ ಅಂದರೆ ನಾವು. ಎಲ್ಲಿ ಕಳ್ಳತನ ಆದರೂ ಮೊದಲು ಬರುವ ಮಾತು "ಘಾಟಿ". ಘಟ್ಟ ಇಳಿದು ಬಂದವರು ಅಂತ. ವಾಸ್ಕೋದ ಬಾಯಿನಾದಲ್ಲೋ ಝುವಾರಿನಗರದಲ್ಲೋ ಇರುವ ಗದಗ, ಬಿಜಾಪುರದ ಗಾರೆ ಕೆಲಸದವರು ಈ ಮಾತನ್ನು ಕೇಳಿಯೇ ಬೆಳೆದಿದ್ದಾರೆ. ಊರಿನವರಿಗೆ ಗೋವಾ ಡೇಂಜರ್, ಗೋವಾಕ್ಕೆ ನಾವು ಡೇಂಜರ್. ಬೀಚಿನಲ್ಲಿ ಮಣಿಸರ ಮಾರುವ ನಮ್ಮ ಲಂಬಾಣಿ ಅಕ್ಕ ಒಬ್ಬಳು ಸಂಜೆ ತಲೆನೋವಿನ ಗುಳಿಗೆಗೆ ಬರುತ್ತಾಳೆ. ಅವಳನ್ನು ಕೇಳಿದರೆ ಡೇಂಜರ್ ಯಾರು ಗೊತ್ತೇ? "ಕುಡಿದು ಕೈ ಹಿಡಿಯೋ ಟೂರಿಸ್ಟು, ಅಣ್ಣಾ." ನನ್ನ ಮನೆಮಾಲಕಿ ಮಾತ್ರ ಬಾಡಿಗೆ ಜೀಪ್ ಕಂಡರೆ ಮೊಮ್ಮಗನನ್ನು ಗೇಟಿನೊಳಗೆ ಎಳೆದುಕೊಳ್ಳುತ್ತಾಳೆ. ನಂಬರ್ ಪ್ಲೇಟ್ ಕಪ್ಪು, ಅಕ್ಷರ ಹಳದಿ ಇದ್ದರೆ ಓಡಿಸುವವನಿಗೆ ದಾರಿ ಗೊತ್ತಿಲ್ಲ, ಫೋನ್ ನೋಡುತ್ತಿರುತ್ತಾನೆ ಅಂತ ಅವಳ ಲೆಕ್ಕ.

2025ರ ಡಿಸೆಂಬರಿನಲ್ಲಿ ಅರ್ಪೋರಾದ ನೈಟ್‌ಕ್ಲಬ್ಬಿಗೆ ಬೆಂಕಿ ಬಿದ್ದು 25 ಜನ ಸತ್ತಾಗ ಊರಿನಿಂದ ಹತ್ತು ಫೋನ್ ಬಂದವು. ಟೂರಿಸ್ಟರು ಎಷ್ಟು ಜನ ಅಂತಲೇ ಎಲ್ಲರೂ ಕೇಳಿದ್ದು. ಸತ್ತವರಲ್ಲಿ ಹೆಚ್ಚಿನವರು ಅಲ್ಲೇ ದುಡಿಯುತ್ತಿದ್ದವರು.

ಅಣ್ಣನ ಮಗ ಬಂದ. ಡ್ರಗ್ಸಿನ ಹತ್ತಿರ ಸುಳಿಯಲಿಲ್ಲ, ಪೊಲೀಸರೂ ಹಿಡಿಯಲಿಲ್ಲ. ಮೂರನೇ ದಿನ ಸಾಲಿಗಾಂವ್ ತಿರುವಿನಲ್ಲಿ ಸ್ಕೂಟಿ ಸಮೇತ ಬಿದ್ದ. ಹೆಲ್ಮೆಟ್ ಹ್ಯಾಂಡಲಿಗೆ ನೇತಾಡುತ್ತಿತ್ತಂತೆ. ನಾನೇ ಬಾಂಬೋಳಿಯ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ, ಎಕ್ಸ್‌ರೇ ಆದ ಮೇಲೆ ಅಣ್ಣನಿಗೆ ಫೋನ್ ಮಾಡಿದೆ.

"ಏನಾತೋ ತಮ್ಮಾ? ಪೊಲೀಸರು ಹಿಡದ್ರನು?"

"ಇಲ್ಲಣ್ಣಾ, ಗಾಡಿ ಬಿದ್ದೈತಿ. ಭುಜದ ಎಲುಬು ಮುರದೈತಿ, ತಲಿಗೆ ಆರು ಹೊಲಿಗಿ."

ಆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ಒಳಗಿದ್ದ ಅತ್ತಿಗೆಗೆ ಕೂಗಿ ಹೇಳಿದ: "ಏನೂ ಆಗಿಲ್ಲಂತ ಬಿಡ. ಬರೇ ಗಾಡಿ ಮ್ಯಾಲಿಂದ ಬಿದ್ದಾನಂತ."